ಬಾಳೆ ಟಿಶ್ಯೂ ಕಲ್ಚರ್‌ನ ಬ್ಯಾಕ್ಟೀರಿಯಾ: ಅಗಾರ್ ಬಿಟ್ಟ ಮೇಲೆ ಕೆಲಸ ಆಯಿತು

ಟಿಶ್ಯೂ ಕಲ್ಚರ್‌ನಲ್ಲಿ (ಬಾಟಲಿಯೊಳಗೆ ಚೂರಿನಿಂದ ಗಿಡ ಬೆಳೆಸುವಾಗ) ಬ್ಯಾಕ್ಟೀರಿಯಾ ಬಂದ ಬಾಟಲಿಯನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆಯಬೇಕು, ಆ್ಯಂಟಿಬಯಾಟಿಕ್ ಹಾಕುವುದು ದುಡ್ಡು ದಂಡ ಅಂತ ನನಗೆ ಹೇಳದವರೇ ಇಲ್ಲ. ಎಸೆಯಬೇಕಿದ್ದ ಆ ಬಾಳೆ ಲೈನ್ (ಒಂದೇ ಮೂಲದ ಚಿಗುರುಗಳು) ಈಗ ಎಂಟೊಂಬತ್ತು ಸಬ್‌ಕಲ್ಚರ್, ಅಂದರೆ ಹೊಸ ಮೀಡಿಯಾಕ್ಕೆ (ಗಿಡದ ಆಹಾರಕ್ಕೆ) ಬದಲಿಸುವ ಸುತ್ತು, ದಾಟಿದೆ. ಚಿಗುರಿನ ಬುಡದಲ್ಲಿ ಬ್ಯಾಕ್ಟೀರಿಯಾದ ಬಿಳಿ ಮೋಡದ ಸುಳಿವೇ ಇಲ್ಲ.

ಅವರ ಮಾತಲ್ಲೂ ಹುರುಳಿತ್ತು ಬಿಡಿ. ಸೆಫೊಟ್ಯಾಕ್ಸಿಮ್ ಅನ್ನೋ ಆ್ಯಂಟಿಬಯಾಟಿಕ್ ಅನ್ನು ಲೀಟರ್‌ಗೆ 250 ಮಿ.ಗ್ರಾಂ ಲೆಕ್ಕದಲ್ಲಿ ಅಗಾರ್‌ಗೆ (ಮೀಡಿಯಾವನ್ನು ಗಟ್ಟಿ ಮಾಡುವ ಜೆಲ್ಲಿಗೆ) ಹಾಕಿದಾಗ ಬಿಳಿ ಮೋಡ ಮಾಯವಾಯಿತು. ಔಷಧಿ ಇಲ್ಲದ ಮೀಡಿಯಾಕ್ಕೆ ಬದಲಿಸಿದ ವಾರದೊಳಗೆ ಮತ್ತೆ ಹಾಜರ್. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಸುಮ್ನೆ ಕೂತಿತ್ತು ಅಷ್ಟೆ. ಅಗಾರ್‌ನಲ್ಲಿ ಔಷಧಿ ತಾಗುವುದೇ ಬುಡಕ್ಕೆ. ಅದೂ ರ್ಯಾಕ್ ಮೇಲೆ ಒಂದೆರಡು ವಾರದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಸ್ಟ್ರೆಪ್ಟೊಮೈಸಿನ್ ಜಾಸ್ತಿ ಮಾಡಿದರೆ ಚಿಗುರೆಲ್ಲ ಬೆಳ್ಳಗೆ. ಕಾರ್ಬೆನಿಸಿಲಿನ್‌ನಲ್ಲಿ ಬುಡ ಊದಿ ಕ್ಯಾಲಸ್ (ಆಕಾರವಿಲ್ಲದ ಗಂಟು) ಬಂತು, ಆ ಔಷಧಿ ಒಡೆದಾಗ ಆಕ್ಸಿನ್ ಎಂಬ ಸಸ್ಯ ಹಾರ್ಮೋನ್‌ನಂತೆ ವರ್ತಿಸುವ ಆಮ್ಲ ಬರುತ್ತದೆ. ಟಿಮೆಂಟಿನ್ ಗಿಡಕ್ಕೆ ಸೌಮ್ಯ, ಜೇಬಿಗೆ ಅಲ್ಲ. ಆ ತಿಂಗಳ ಮೀಡಿಯಾ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಅದೊಂದೇ ನುಂಗಿತು.

ಕೊನೆಗೆ ಅಗಾರ್ ಬಿಟ್ಟೆ. ಚಿಗುರಿನ ತುದಿಯನ್ನು 3–4 ಮಿ.ಮೀ.ಗೆ ಇಳಿಸಿ, ಅರ್ಧ ಶಕ್ತಿಯ ಎಂಎಸ್ (ಮುರಾಶಿಗೆ–ಸ್ಕೂಗ್ ಪೋಷಕಾಂಶ) ದ್ರವದಲ್ಲಿ ಹಾಕಿ ಕತ್ತಲಲ್ಲಿ ಶೇಕರ್ (ಅಲುಗಾಡಿಸುವ ಯಂತ್ರ) ಮೇಲಿಟ್ಟೆ. ಲೀಟರ್‌ಗೆ ಸೆಫೊಟ್ಯಾಕ್ಸಿಮ್ 500 ಮಿ.ಗ್ರಾಂ, ಜೆಂಟಮೈಸಿನ್ 50 ಮಿ.ಗ್ರಾಂ ಆಸುಪಾಸು. ಮೂರ್ನಾಲ್ಕು ದಿನ, ದಿನಾ ಹೊಸ ದ್ರವ. ಜೆಂಟಮೈಸಿನ್‌ಗೆ ಹುಳಿ ಆಗಿಬರುವುದಿಲ್ಲ, ಹಾಗಾಗಿ ಪಿಎಚ್ 5.8 ಬೇಡ, 6.5ರ ಹತ್ತಿರ ಇರಲಿ. ಅಗಾರ್ ಇಲ್ಲವಲ್ಲ, ತೀರಾ ಗಟ್ಟಿಯಾಗುವ ತೊಂದರೆಯೂ ಇಲ್ಲ. ಸೆಫೊಟ್ಯಾಕ್ಸಿಮ್ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಅದಕ್ಕೇ ಹಿಂದಿನ ರಾತ್ರಿ ತುದಿಗಳನ್ನು ಬೇರೊಂದು ದ್ರವದಲ್ಲಿಟ್ಟು ಸುಮ್ನೆ ಕೂತ ಬ್ಯಾಕ್ಟೀರಿಯಾವನ್ನು ಎಬ್ಬಿಸುತ್ತೇನೆ. ಅದರಲ್ಲಿ ಏನಿದೆ ಅಂತ ಮಾತ್ರ ಕೇಳಬೇಡಿ.

ನೂರರಲ್ಲಿ ಅರವತ್ತು ಚಿಲ್ಲರೆ ತುದಿ ಉಳಿದವು. ಕಾಲು ಭಾಗ ಔಷಧಿಗೇ ಹಳದಿಯಾಗಿ ಸತ್ತವು, ಮಿಕ್ಕವುಗಳಲ್ಲಿ ಮೋಡ ವಾಪಸ್. ಕಣ್ಣಿಗೆ ತಿಳಿ ಕಂಡರೆ ನಂಬಬೇಡಿ. ಪ್ರತಿ ಸಬ್‌ಕಲ್ಚರ್‌ನಲ್ಲೂ ಬುಡದ ಚೂರನ್ನು ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಉಜ್ಜಿ ಎರಡು ವಾರ ಕಾಯುತ್ತೇನೆ. ಸತತ ಮೂರು ಸಲ ಏನೂ ಬರದಿದ್ದರೆ ಮಾತ್ರ ಪಾಸ್.

ಮಧ್ಯೆ ರಿಫಾಂಪಿಸಿನ್ ಕೂಡ ನೋಡಿದೆ. ಗ್ರಾಂ ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದೇ, ಆದರೆ ದ್ರವ ಕಿತ್ತಳೆ ಬಣ್ಣಕ್ಕೆ ತಿರುಗಿ ಮೋಡ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಂದದ್ದು ಬ್ಯಾಸಿಲಸ್ ಬ್ಯಾಕ್ಟೀರಿಯಾ ಆದರೆ ಸುಮ್ನೆ ಎಸೆಯಿರಿ. ಅದರ ಬೀಜಕಕ್ಕೆ (ಗಟ್ಟಿ ಕವಚದ ನಿದ್ರಾ ರೂಪಕ್ಕೆ) ಇದ್ಯಾವುದೂ ನಾಟುವುದಿಲ್ಲ, ಫೋರ್ಸೆಪ್ಸ್ (ಚಿಮುಟ) ಅದ್ದುವ ಆಲ್ಕೊಹಾಲ್ ಕೂಡ.