ಲೈಟು ಹತ್ತಲು 300 ಎಂಬಿಪಿಎಸ್ ಬೇಕಿಲ್ಲ: 40ರ ಲೈನಿನಲ್ಲಿ ಮನೆ ಆಟೊಮೇಷನ್, ನನ್ನ ಅನುಭವ

ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟು, ಎರಡಂತಸ್ತಿನ ಆರ್‌ಸಿಸಿ ಮನೆ. ವೈಫೈ ಮೇಲೆ 34 ಸಾಧನ, ಜಿಗ್ಬೀ (ಸಣ್ಣ ಸೆನ್ಸರ್‌ಗಳ ವೈರ್‌ಲೆಸ್ ಜಾಲ) ಮೇಲೆ 19, ನಾಲ್ಕು ಕ್ಯಾಮೆರಾ, ಒಂದು ಸಂಪಿನ ಮೋಟರ್. ಎಲ್ಲವೂ 40 ಎಂಬಿಪಿಎಸ್ ಪ್ಲಾನಿನ ಮೇಲೆ ಓಡುತ್ತಿವೆ. ನೆಟ್ ಪೂರ್ತಿ ಹೋದರೂ ಲೈಟು, ಫ್ಯಾನು, ಮೋಟರ್ ಯಾವುದೂ ನಿಲ್ಲುವುದಿಲ್ಲ. ವೈರಿಂಗ್‌ನವರಿಂದ ಹಿಡಿದು ನೆಟ್ ಹಾಕಲು ಬಂದವರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: "ಇಷ್ಟೊಂದು ಸ್ಮಾರ್ಟ್ ಐಟಂ ಹಾಕಿದ್ಮೇಲೆ 300ರ ಪ್ಲಾನ್ ಇಲ್ದೆ ಆಗಲ್ಲ ಸಾರ್." 300 ಹಾಕಿಸಿಯೂ ನೋಡಿದೆ, ಎರಡು ತಿಂಗಳು. ಅಳೆದು ನೋಡಿ ವಾಪಸ್ 40ಕ್ಕೇ ಬಂದೆ.

ಅಳತೆ ಹೀಗಿತ್ತು. ಕ್ಲೌಡ್ ಆ್ಯಪಿನಲ್ಲಿ ಬಟನ್ ಒತ್ತಿದ ಮೇಲೆ ಲೈಟು ಹತ್ತಲು 40ರಲ್ಲಿ 400ರಿಂದ 700 ಮಿಲಿಸೆಕೆಂಡ್ ಬೇಕಾಗುತ್ತಿತ್ತು, 300ರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಆಜ್ಞೆಯ ಗಾತ್ರ ಕೆಲವು ನೂರು ಬೈಟ್. ಅದು ಸರ್ವರ್‌ಗೆ ಹೋಗಿ ಬರುವ ಹೊತ್ತನ್ನು ಪಿಂಗ್ (ಮಿಲಿಸೆಕೆಂಡಿನಲ್ಲಿ ಅಳೆಯುವ ಲೈನಿನ ವಿಳಂಬ) ಮತ್ತು ಆ ಸರ್ವರ್ ತೀರ್ಮಾನಿಸುತ್ತವೆ, ಪ್ಲಾನಿನ ಎಂಬಿಪಿಎಸ್ ಅಲ್ಲ. ಪಿಂಗ್ ಎರಡೂ ಪ್ಲಾನಿನಲ್ಲಿ 30–35ರ ಆಸುಪಾಸಿನಲ್ಲೇ ಇತ್ತು. ಅದೇ ಲೈಟನ್ನು ಹೋಮ್ ಅಸಿಸ್ಟೆಂಟ್ (ಮನೆಯ ಕಂಪ್ಯೂಟರಿನಲ್ಲೇ ಓಡುವ ಆಟೊಮೇಷನ್ ಸಾಫ್ಟ್‌ವೇರ್) ಮೂಲಕ ಮನೆಯೊಳಗೇ ಹತ್ತಿಸಿದರೆ 100ರೊಳಗೆ. ಜಿಗ್ಬೀಯ ಪೂರ್ತಿ ವೇಗವೇ 250 ಕೆಬಿಪಿಎಸ್. ಮೋಷನ್ ಸೆನ್ಸರ್‌ನಿಂದ ಮೆಟ್ಟಿಲ ಲೈಟಿಗೆ 150–200 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ವಾಯ್ಸ್ ಕಮಾಂಡಿಗೂ ಜಾಸ್ತಿ ಬೇಡ. 16 ಕಿಲೋಹರ್ಟ್ಸ್, 16 ಬಿಟ್ ಧ್ವನಿಯನ್ನು ಕುಗ್ಗಿಸದೆ ಕಳಿಸಿದರೂ 256 ಕೆಬಿಪಿಎಸ್ ಸಾಕು.

ಆದರೂ 300 ಹಾಕಿಸಿದ ವಾರ ವಾಯ್ಸ್ ಕಮಾಂಡ್ ಚುರುಕಾಗಿತ್ತು, ಅದು ನಿಜ. ಕಾರಣ ಹುಡುಕಲು ಸುಮಾರು ಸಂಜೆಗಳು ಹಿಡಿದವು. ತೊಂದರೆ ಇದ್ದದ್ದು ಅಪ್‌ಲೋಡಿನಲ್ಲಿ. ಲೋಕಲ್ ಕೇಬಲ್‌ನವರ 40ರ ಪ್ಲಾನಿನಲ್ಲಿ ಅಪ್‌ಲೋಡ್ ಸಿಗುತ್ತಿದ್ದದ್ದು 10 ಮಾತ್ರ. ನಾಲ್ಕು 2 ಮೆಗಾಪಿಕ್ಸೆಲ್ ಕ್ಯಾಮೆರಾಗಳು ಎಚ್.265 ಕಂಪ್ರೆಷನ್‌ನಲ್ಲಿ ತಲಾ ಒಂದೂವರೆಯಿಂದ ಎರಡು ಎಂಬಿಪಿಎಸ್‌ನಂತೆ ಹಗಲೂ ರಾತ್ರಿ ಕ್ಲೌಡಿಗೆ ಕಳಿಸುತ್ತಿದ್ದವು. ಅಂದರೆ 8 ಎಂಬಿಪಿಎಸ್ ಅಲ್ಲೇ ಹೋಯಿತು. ಮೇಲೆ ಒಂದು ಫೋನ್ ಫೋಟೊ ಬ್ಯಾಕಪ್ ಶುರು ಮಾಡಿದರೆ ಲೈನು ತುಂಬಿ, ಪಿಂಗ್ 30ರಿಂದ 350ಕ್ಕೆ ಏರುತ್ತಿತ್ತು. 300ರಲ್ಲಿ ಅಪ್‌ಲೋಡೂ ದೊಡ್ಡದಾದ್ದರಿಂದ ಲೈನು ತುಂಬಲಿಲ್ಲ, ಅಷ್ಟೇ. 8 ಎಂಬಿಪಿಎಸ್ ನಿರಂತರ ಅಂದರೆ ದಿನಕ್ಕೆ 86 ಜಿಬಿ, ತಿಂಗಳಿಗೆ ಎರಡೂವರೆ ಟಿಬಿಗೂ ಮೇಲೆ. 3300 ಜಿಬಿ ಎಫ್‌ಯುಪಿ (ತಿಂಗಳ ಡೇಟಾ ಮಿತಿ) ಇರುವವರು ಈ ಲೆಕ್ಕ ಮೊದಲು ಹಾಕಿಕೊಳ್ಳಿ.

ಎರಡು ಕೆಲಸ ಮಾಡಿದೆ. ಮೊದಲನೆಯದು, ಕ್ಯಾಮೆರಾಗಳನ್ನು ಕ್ಲೌಡಿನಿಂದ ಬಿಡಿಸಿ ಮನೆಯೊಳಗಿನ ಎನ್‌ವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್) ಆರ್‌ಟಿಎಸ್‌ಪಿ ಎಂಬ ವಿಡಿಯೊ ಸ್ಟ್ರೀಮಿನಲ್ಲಿ ಕೊಟ್ಟೆ. ಒಂದು ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನದ ರೆಕಾರ್ಡಿಂಗ್ ನಿಲ್ಲುತ್ತದೆ. ಎರಡನೆಯದು, ಕಂಪನಿಯ ಓಎನ್‌ಟಿಯನ್ನು (ಫೈಬರ್ ಬಾಕ್ಸ್) ಬ್ರಿಡ್ಜ್ ಮಾಡಿಸಿ, ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ, ಹಿಂದೆ ಆರ್ಚರ್ ಸಿ6 ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ಹಾಕಿ ಕೂರಿಸಿದೆ. ವರ್ಷನ್ ನೋಡಿ ಕೊಳ್ಳಿ, ಎಲ್ಲ ವರ್ಷನ್‌ಗೂ ಅದು ಕೂರುವುದಿಲ್ಲ. ಲೈನಿನ ಕ್ಯೂ ಹಿಡಿತದಲ್ಲಿಡುವ ಎಸ್‌ಕ್ಯೂಎಂನಲ್ಲಿ ಕೇಕ್ ಎಂಬ ವಿಧಾನ ಆರಿಸಿ ಡೌನ್ 36, ಅಪ್ 9 ಎಂದು ಕೊಟ್ಟೆ. ಲೈನಿನ ವೇಗಕ್ಕಿಂತ ಹತ್ತು ಪರ್ಸೆಂಟ್ ಕಮ್ಮಿ ಕೊಡದಿದ್ದರೆ ಇದು ಕೆಲಸ ಮಾಡುವುದಿಲ್ಲ, ಕ್ಯೂ ಮತ್ತೆ ಓಎನ್‌ಟಿಯಲ್ಲೇ ಬೆಳೆಯುತ್ತದೆ. ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆಫ್ ಮಾಡಿರಬೇಕು. ನಾನು ಅದನ್ನು ಮರೆತು ಎರಡು ದಿನ ಕಳೆದುಕೊಂಡೆ. ಈಗ ಅಪ್‌ಲೋಡ್ ತುಂಬಿದಾಗಲೂ ಪಿಂಗ್ 40 ದಾಟುವುದಿಲ್ಲ. 300ರ ಲೈನಿಗೆ ಇದೇ ಕೇಕ್ ಓಡಿಸುವ ಶಕ್ತಿ ಆ ರೂಟರ್‌ಗಿಲ್ಲ, ಇನ್ನೂ ದೊಡ್ಡ ಪ್ರೊಸೆಸರ್ ಬೇಕು. ಅಂದರೆ ದೊಡ್ಡ ಪ್ಲಾನಿಗೆ ರೂಟರ್ ಖರ್ಚೂ ದೊಡ್ಡದು.

300ಕ್ಕೆ ಹೋದಾಗ ಕೆಟ್ಟದ್ದೂ ಆಯಿತು. ಹೊಸ ಪ್ಲಾನಿನ ಜೊತೆ ಬಂದ ಓಎನ್‌ಟಿ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟು, ವೈಫೈ ಭದ್ರತೆಯ ಡಬ್ಲ್ಯುಪಿಎ2–ಡಬ್ಲ್ಯುಪಿಎ3 ಮಿಶ್ರ ಮೋಡಿನಲ್ಲಿತ್ತು. ಹಳೆಯ ಇಎಸ್‌ಪಿ8266 (ಅಗ್ಗದ ವೈಫೈ ಚಿಪ್) ಬೋರ್ಡುಗಳಲ್ಲಿ ಹನ್ನೊಂದು ಅವತ್ತೇ ಕಣ್ಮರೆಯಾದವು. 2.4 ಗಿಗಾಹರ್ಟ್ಸ್‌ಗೆ ಬೇರೆ ಹೆಸರು, ಬರೀ ಡಬ್ಲ್ಯುಪಿಎ2, ಅಗಲ 40ರ ಬದಲು 20 ಮೆಗಾಹರ್ಟ್ಸ್, ಆಟೊ ತೆಗೆದು ಚಾನೆಲ್ 1. ಇಷ್ಟು ಮಾಡಿದ ಮೇಲೆ ಎಲ್ಲವೂ ತಾವಾಗಿಯೇ ಬಂದವು. ಚಾನೆಲ್ 1 ಹಿಡಿಯುವುದು 2401ರಿಂದ 2423 ಮೆಗಾಹರ್ಟ್ಸ್. ಜಿಗ್ಬೀಯನ್ನು ಚಾನೆಲ್ 25ಕ್ಕೆ, ಅಂದರೆ 2475ಕ್ಕೆ ಒಯ್ದರೆ ಒಂದನ್ನೊಂದು ಮುಟ್ಟುವುದಿಲ್ಲ. 26ಕ್ಕೆ ಹೋಗಬೇಡಿ, ಕೆಲವು ಸೆನ್ಸರ್ ಅಲ್ಲಿ ಪೇರ್ ಆಗುವುದೇ ಇಲ್ಲ. ಜಿಗ್ಬೀ ಡಾಂಗಲನ್ನು ಹೋಮ್ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನ ಯುಎಸ್‌ಬಿ 3 ಪೋರ್ಟಿಗೆ ನೇರವಾಗಿ ಚುಚ್ಚಿದ್ದೂ ನನ್ನ ತಪ್ಪೇ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ. ಒಂದೂವರೆ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್, ಇನ್ನೂರು ರೂಪಾಯಿ. ಬಾಲ್ಕನಿಯ ಡೋರ್ ಸೆನ್ಸರ್ ಅವತ್ತಿನಿಂದ ಒಮ್ಮೆಯೂ ತಪ್ಪಿಲ್ಲ.

ಮೇಲಿನ ಮಹಡಿಗೆ ಮೊದಲು ಅಗ್ಗದ ಮೆಶ್ ವೈಫೈ ತಂದೆ, 5,500 ರೂಪಾಯಿ. ಸ್ಲ್ಯಾಬ್ ದಾಟಿ ಬರುವ ಬ್ಯಾಕ್‌ಹಾಲ್ (ನೋಡ್‌ಗಳ ನಡುವಿನ ವೈಫೈ ಕೊಂಡಿ) ಅರ್ಧಕ್ಕರ್ಧ ಸತ್ತಿರುತ್ತಿತ್ತು. ಇಎಸ್‌ಪಿಗಳು ಕರೆಂಟ್ ಬಂದ ತಕ್ಷಣ ಯಾವ ನೋಡ್ ಸಿಕ್ಕಿತೋ ಅದಕ್ಕೇ ಅಂಟಿಕೊಂಡು ಕೂರುತ್ತಿದ್ದವು. 3,000ಕ್ಕೆ ಮಾರಿ, ಪೈಪಿನಲ್ಲಿ ಕ್ಯಾಟ್6 ಎಳೆಸಿ ಒಂದು ಆ್ಯಕ್ಸೆಸ್ ಪಾಯಿಂಟ್ ಹಾಕಿದೆ. ಇಎಸ್‌ಪಿಹೋಮ್ (ಇಂಥ ಬೋರ್ಡುಗಳಿಗೆ ಹಾಕುವ ಸಾಫ್ಟ್‌ವೇರ್) ಬಳಸುವವರಿಗೆ ಇನ್ನೊಂದು ಮಾತು: ಇಎಸ್‌ಪಿ32ರಲ್ಲಿ ವೈಫೈ ಪವರ್ ಸೇವ್ ಹುಟ್ಟಿನಿಂದಲೇ ಲೈಟ್ ಮೋಡಿನಲ್ಲಿರುತ್ತದೆ. ಅದನ್ನು 'none' ಎಂದು ಮಾಡಿ, ಐಪಿ ಕೈಯಾರೆ ಕೊಟ್ಟರೆ ಪ್ರತಿಕ್ರಿಯೆ ಕಣ್ಣಿಗೆ ಕಾಣುವಷ್ಟು ಬೇಗವಾಗುತ್ತದೆ. ಇದಕ್ಕೆ ಖರ್ಚು ಸೊನ್ನೆ.

ಇನ್ನು ಮೋಟರ್. ನನ್ನ ಮಟ್ಟಿಗೆ ಮನೆಯ ಆಟೊಮೇಷನ್ನಿನ ನಿಜವಾದ ಪರೀಕ್ಷೆ ಇದೇ. ಲೈಟು ತಡವಾಗಿ ಹತ್ತಿದರೆ ಬೇಜಾರು; ಮೋಟರ್ ನಿಲ್ಲದಿದ್ದರೆ ಸಂಪಿನ ನೀರೆಲ್ಲ ಚರಂಡಿ ಪಾಲು. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 5–6 ಆಂಪಿಯರ್ ಎಳೆದರೂ ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು. 10 ಆಂಪಿಯರ್ ಎಂದು ಬರೆದ ನೀಲಿ ರಿಲೇ ಮೂರನೇ ವಾರದಲ್ಲಿ ಒಳಗೆ ಬೆಸೆದುಕೊಂಡಿತು. ಆ್ಯಪಿನಲ್ಲಿ ಆಫ್ ಎಂದಿದೆ, ಮೋಟರ್ ಓಡುತ್ತಲೇ ಇದೆ. ಇನ್ನೊಂದು ಬೋರ್ಡ್ ಹಾಕಿ ಅದನ್ನೂ ಹಾಗೆಯೇ ಕಳೆದುಕೊಂಡೆ.

ಈಗಿನ ಜೋಡಣೆ: ರಿಲೇ ಬರೀ ಕಾಂಟ್ಯಾಕ್ಟರಿನ (ದೊಡ್ಡ ಕರೆಂಟ್ ತಡೆಯುವ ಸ್ವಿಚ್) 230 ವೋಲ್ಟ್ ಕಾಯಿಲ್‌ಗೆ ಕರೆಂಟ್ ಕೊಡುತ್ತದೆ, ಮೋಟರ್ ಎತ್ತುವುದು ಆ 25 ಆಂಪಿಯರ್ ಎರಡು ಪೋಲಿನ ಕಾಂಟ್ಯಾಕ್ಟರ್. ಕಾಯಿಲ್ ಮೇಲೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪ್ಯಾಸಿಟರ್ ಸರಣಿಯಲ್ಲಿ. ಇದಿಲ್ಲದಿದ್ದಾಗ ಕಾಂಟ್ಯಾಕ್ಟರ್ ಬಿಟ್ಟ ಕ್ಷಣದಲ್ಲಿ ಇಎಸ್‌ಪಿ ಹ್ಯಾಂಗ್ ಆಗುತ್ತಿತ್ತು. ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ಚೂ ಸಂಪಿನ ಫ್ಲೋಟ್ ಸ್ವಿಚ್ಚೂ ಇದೇ ಕಾಯಿಲ್ ವೈರಿನಲ್ಲಿ ಸರಣಿಯಾಗಿ ಕೂತಿವೆ. ಸಾಫ್ಟ್‌ವೇರ್ ಏನೇ ಹೇಳಲಿ, ಟ್ಯಾಂಕ್ ತುಂಬಿದರೆ ಅಥವಾ ಸಂಪು ಬತ್ತಿದರೆ ಕಾಂಟ್ಯಾಕ್ಟರ್ ಬಿಡುತ್ತದೆ. ಸಾವಿರ ಲೀಟರ್ ಟ್ಯಾಂಕ್ 25 ನಿಮಿಷಕ್ಕೆ ತುಂಬುವುದರಿಂದ ಇಎಸ್‌ಪಿ ಒಳಗೇ 40 ನಿಮಿಷದ ಗಡುವು ಇಟ್ಟಿದ್ದೇನೆ. ಈ ಗಡುವು ಸರ್ವರ್‌ನ ಆಟೊಮೇಷನ್ನಿನಲ್ಲಿ ಇರಬಾರದು.

ಇಷ್ಟಾದರೂ ಒಮ್ಮೆ ಮೋಟರ್ ಹದಿನೈದು ನಿಮಿಷಕ್ಕೊಮ್ಮೆ ತಾನೇ ನಿಲ್ಲಲು ಶುರುವಾಯಿತು. ಪೈಯನ್ನು ಎಸ್‌ಎಸ್‌ಡಿ ಬದಲಿಸಲು ಬಿಚ್ಚಿಟ್ಟಿದ್ದ ದಿನವದು. ಇಎಸ್‌ಪಿಹೋಮ್‌ನ ಎಪಿಐ ಭಾಗದಲ್ಲಿ ರೀಬೂಟ್ ಟೈಮ್‌ಔಟ್ ಹುಟ್ಟಿನಿಂದ 15 ನಿಮಿಷ. ಹೋಮ್ ಅಸಿಸ್ಟೆಂಟ್ ಸಿಗದಿದ್ದರೆ ಬೋರ್ಡ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ, ಮೋಟರೂ ನಿಲ್ಲುತ್ತದೆ. ವೈಫೈ ಭಾಗದಲ್ಲೂ ಇದೇ ಸೆಟ್ಟಿಂಗ್ ಇದೆ. ಎರಡನ್ನೂ ಸೊನ್ನೆ ಮಾಡಿ, ಮೋಟರ್ ರಿಲೇಯ ರಿಸ್ಟೋರ್ ಮೋಡನ್ನು ಆಲ್ವೇಸ್ ಆಫ್‌ಗೆ ಇಡಿ.

ನೀರಿನ ಮಟ್ಟ ನೋಡಲು ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೆ. ಸೆನ್ಸರ್‌ನಿಂದ 20–25 ಸೆಂಟಿಮೀಟರ್‌ವರೆಗೆ ಅದಕ್ಕೆ ಕುರುಡು, ನಮಗೆ ಬೇಕಾದದ್ದೂ ಆ ಕೊನೆಯ 20 ಸೆಂಟಿಮೀಟರೇ. ಎ02ವೈವೈಯುಡಬ್ಲ್ಯು ಹಾಕಿದ ಮೇಲೆ ಆ ಕುರುಡು ಜಾಗ ಮೂರು ಸೆಂಟಿಮೀಟರ್‌ಗೆ ಇಳಿಯಿತು. ನೀರು ಬೀಳುವಾಗಿನ ಅಲೆ, ಬೆಳಗಿನ ಆವಿ ಎರಡನ್ನೂ ಸೋಸಿ ಹಾಕುವ ಫಿಲ್ಟರ್ ಲೆಕ್ಕ ನಾನೇ ಕೂತು ಹದ ಮಾಡಿದ್ದು. ಗ್ರಾಫ್ ಗೆರೆ ಎಳೆದ ಹಾಗೆ ಬರುತ್ತದೆ. ಅದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಫ್ಯಾನಿನ ಮೇಲೂ ಒಂದಷ್ಟು ಪ್ರಯೋಗ ಆಯಿತು. ಟ್ರಯಾಕ್ ಡಿಮ್ಮರ್‌ನಲ್ಲಿ ಗುಂಯ್ ಸದ್ದು, ರಾತ್ರಿ ಮಲಗಲಾಗದು. 2.2 ಮತ್ತು 3.3 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಎರಡು, ರಿಲೇ ಮೂರು: ಒಂದೊಂದೇ, ಎರಡೂ ಸೇರಿ, ಕೊನೆಗೆ ನೇರ ಕರೆಂಟ್, ಹೀಗೆ ನಾಲ್ಕು ವೇಗ ಸಿಗುತ್ತದೆ. ಕೆಪ್ಯಾಸಿಟರ್‌ಗೆ ಬ್ಲೀಡರ್ (ಚಾರ್ಜ್ ಇಳಿಸುವ ರೆಸಿಸ್ಟರ್) ಮತ್ತು ಸರಣಿಯಲ್ಲಿ ಕೆಲವು ಓಮ್ ಇಲ್ಲದಿದ್ದರೆ ಇಲ್ಲೂ ರಿಲೇ ಬೆಸೆದುಕೊಳ್ಳುತ್ತದೆ.

ಕರೆಂಟ್ ಹೋದಾಗಿನ ಮಾತು. ಇನ್ವರ್ಟರ್ ಇಕೋ ಮೋಡಿನಲ್ಲಿದ್ದರೆ ಬದಲಾಗುವ ಆ ಕ್ಷಣಕ್ಕೇ ಓಎನ್‌ಟಿ ರೀಬೂಟ್ ಆಗಿ ಎರಡು ಮೂರು ನಿಮಿಷ ನೆಟ್ ಇರುವುದಿಲ್ಲ. ಇನ್ವರ್ಟರ್‌ನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದೆ, ಓಎನ್‌ಟಿ ಮತ್ತು ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಕೊಟ್ಟೆ, ಮೂರು ಗಂಟೆ ಬರುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಬಂದು ನೆಟ್ ಬಾರದಿದ್ದರೆ ಸಮಯ ಹಿಂದೆಯೇ ಉಳಿದು, ಸಂಜೆ ಆರೂವರೆಯ ಲೈಟು ಎಂಟೂವರೆಗೆ ಹತ್ತಿತು. ಡಿಎಸ್3231 ಗಡಿಯಾರ ಮಾಡ್ಯೂಲ್, ನೂರೈವತ್ತೋ ಇನ್ನೂರೋ ಕೊಟ್ಟ ನೆನಪು, ಹಾಕಿದ ಮೇಲೆ ಆ ತಂಟೆ ಇಲ್ಲ. ಎಸ್‌ಡಿ ಕಾರ್ಡ್ ಎರಡು ಸತ್ತ ಮೇಲೆ ಎಸ್‌ಎಸ್‌ಡಿಗೆ ಹೋದೆ. ಹೋಮ್ ಅಸಿಸ್ಟೆಂಟ್ ಬರೆಯುವ ಲಾಗ್‌ಗೆ ಕಾರ್ಡ್ ತಡೆಯುವುದಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಎಸ್‌ಎಸ್‌ಡಿ 1,800, ಜಿಗ್ಬೀ ಡಾಂಗಲ್ 2,400, ರೂಟರ್ 2,800, ಆ್ಯಕ್ಸೆಸ್ ಪಾಯಿಂಟ್ 2,200, ಕ್ಯಾಟ್6 ಕೂಲಿ ಸೇರಿ 1,600, ಕಾಂಟ್ಯಾಕ್ಟರ್ 1,300, ಮಿನಿ ಯುಪಿಎಸ್ 1,300, ಎನ್‌ವಿಆರ್ ಮತ್ತು ಡಿಸ್ಕ್ 9,000. ಒಟ್ಟು 22 ಸಾವಿರದ ಮೇಲೆ ಚಿಲ್ಲರೆ. ಪೈ ಮೊದಲೇ ಇತ್ತು. 40ಕ್ಕೂ 300ಕ್ಕೂ ತಿಂಗಳಿಗೆ 500 ರೂಪಾಯಿ ವ್ಯತ್ಯಾಸ, ಜಿಎಸ್‌ಟಿ ಸೇರಿ 590, ವರ್ಷಕ್ಕೆ ಏಳು ಸಾವಿರ. ಮೂರು ವರ್ಷಕ್ಕೆ ಸರಿಸಮ. ದಂಡವಾದದ್ದು ಮೆಶ್, ರಿಲೇ ಬೋರ್ಡು, ಕಾರ್ಡು, ಎರಡು ತಿಂಗಳ ಪ್ಲಾನ್ ಸೇರಿ ಆರು ಸಾವಿರದ ಹತ್ತಿರ. ಮನೆಯಲ್ಲಿ ಇಬ್ಬರು ಮೂವರು ಒಟ್ಟಿಗೆ 4ಕೆ ನೋಡುವವರಿದ್ದರೆ, ದೊಡ್ಡ ಫೈಲ್ ಕಳಿಸುವ ಕೆಲಸವಿದ್ದರೆ 300 ಹಾಕಿಸಿ, ಅದು ಬೇರೆ ಲೆಕ್ಕ. ಕ್ಯಾಮೆರಾ ಕ್ಲೌಡಿಗೇ ಹೋಗಬೇಕು ಅನ್ನುವವರು ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ ಎಷ್ಟು ಎಂದು ಕೇಳಿ.

ಹೊರಗಿನಿಂದ ಮನೆ ನೋಡುವುದು ಕೊನೆಗೆ ಸರಿಹೋಯಿತು. ಲೈನು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಐಪಿ ಹಂಚುವ ಏರ್ಪಾಡು) ಹಿಂದೆ ಇರುವುದರಿಂದ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ. ಸ್ಟ್ಯಾಟಿಕ್ ಐಪಿಗೆ ದುಡ್ಡು ಕೊಡದೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿದೆ. ಫೋನಿಗೆ ಕ್ಯಾಮೆರಾದ ಸಬ್‌ಸ್ಟ್ರೀಮ್ (ಸಣ್ಣ ಗಾತ್ರದ ವಿಡಿಯೊ) ಮಾತ್ರ ಕೊಡಿ, 640×360ಕ್ಕೆ 400 ಕೆಬಿಪಿಎಸ್ ಸಾಕು. ಗೇಟಿನ ವಿಡಿಯೊ ಬೆಲ್‌ನಲ್ಲಿ ಮಾತಾಡುವಾಗ ಧ್ವನಿ ಮುಕ್ಕಾಲು ಸೆಕೆಂಡ್ ತಡವಾಗುತ್ತಿತ್ತು. ಟೇಲ್‌ಸ್ಕೇಲ್ ಸ್ಟೇಟಸ್ ನೋಡಿದರೆ ರಿಲೇ ಎಂದಿತ್ತು, ಅಂದರೆ ಮಾತು ಮಧ್ಯದ ಸರ್ವರ್ ಸುತ್ತಿ ಬರುತ್ತಿತ್ತು. ಲೈನಿಗೆ ಐಪಿವಿ6 ಆನ್ ಮಾಡಿಸಿ, ರೂಟರ್‌ನಲ್ಲಿ ಡಿಎಚ್‌ಸಿಪಿವಿ6 ಶುರು ಮಾಡಿದ ಮೇಲೆ ಮೊಬೈಲ್ ಡೇಟಾದಲ್ಲೂ ಡೈರೆಕ್ಟ್ ಎಂದು ತೋರಿಸುತ್ತಿದೆ. ಬಾಗಿಲಿಗೆ ಬಂದ ಕೊರಿಯರ್‌ನವರ ಜೊತೆ ಈಗ ಫೋನಿನಲ್ಲಿ ಮಾತಾಡಿದಷ್ಟೇ ಸಲೀಸು.