ಪೋಖರಾದಲ್ಲಿ ಒಂದೇ ದಿನ: ಮಧ್ಯಾಹ್ನ ಎಲ್ಲರನ್ನೂ ಮಲಗಿಸಿ ಊರು ತೋರಿಸಿದ ನನ್ನ ಅನುಭವ

ನೇಪಾಳದ ಮುಕ್ತಿನಾಥ ಯಾತ್ರೆಗೆ ಗ್ರೂಪ್ ಕರೆದುಕೊಂಡು ಹೋಗುವ ನನ್ನಂಥವರಿಗೆ ದಾರಿಯಲ್ಲಿ ಸಿಗುವ ಪೋಖರಾ ದಿನದ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಬ್ರೋಷರ್‌ನಲ್ಲಿ ‘ಪೋಖರಾ ಲೋಕಲ್ ಸೈಟ್‌ಸೀಯಿಂಗ್’ ಅಂತ ಒಂದು ಸಾಲು, ಅದರ ಕೆಳಗೆ ಒಂಬತ್ತು ಜಾಗದ ಹೆಸರು. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಸೂರ್ಯೋದಯಕ್ಕೆ ಸಾರಂಗಕೋಟ್ ಬೆಟ್ಟ ಹತ್ತಿಸಿ, ಕೆಳಗೆ ತಂದು, ತಿಂಡಿ ಕೊಟ್ಟು, ಗುಹೆ, ಫಾಲ್ಸ್, ಸ್ತೂಪ, ಕೆರೆ ಅಂತ ಸುತ್ತಿಸಿ ಸಂಜೆ ಏಳಕ್ಕೆ ವಾಪಸ್ ತರುವಾಗ ಬಸ್ಸಿನಲ್ಲಿ ಅರ್ಧ ಜನ ನಿದ್ದೆ, ಇನ್ನರ್ಧ ಜನ ಸಿಟ್ಟು. ಮಾರನೇ ದಿನ ಬೇನಿ ರಸ್ತೆಯಲ್ಲಿ ಅವರನ್ನೇ ಕುಲುಕಾಡಿಸಿಕೊಂಡು ಮುಕ್ತಿನಾಥದ ದಾರಿಯ ಜೋಮ್‌ಸೋಮ್‌ಗೆ ಒಯ್ಯಬೇಕು. ಮುಕ್ತಿನಾಥ ಇರುವುದು 3,700 ಮೀಟರ್ ಮೇಲೆ. ಪೋಖರಾದಲ್ಲಿ ದಣಿದವರು ಅಲ್ಲಿ ಹೋಗಿ ಮಲಗುತ್ತಾರೆ, ಆಮೇಲೆ ಆಕ್ಸಿಜನ್ ಹುಡುಕುವ ಕೆಲಸ ನಮ್ಮದು.

ಏಳು ವರ್ಷ ನಾನೂ ಹಾಗೇ ಮಾಡಿದೆ. ಈಗ ಎರಡು ಸೀಸನ್‌ನಿಂದ ದಿನವನ್ನು ಎರಡು ತುಂಡು ಮಾಡಿದ್ದೇನೆ. ಬೆಳಗ್ಗೆ ಊರಿನ ಉತ್ತರ ಭಾಗ, ಸಂಜೆ ದಕ್ಷಿಣ ಭಾಗ, ನಡುವೆ ಹೋಟೆಲ್‌ನಲ್ಲಿ ಬಿಸಿ ಊಟ ಮತ್ತು ಎರಡು ಗಂಟೆ ನಿದ್ದೆ. ಇಷ್ಟೇ ವಿಷಯ. ಆದರೆ ಮೊದಲ ಸಲ ಹೇಳಿದಾಗ ನಮ್ಮ ಟ್ರಾವೆಲ್ಸ್ ಯಜಮಾನರು ನಕ್ಕರು. ‘ಜನ ದುಡ್ಡು ಕೊಟ್ಟು ನೇಪಾಳಕ್ಕೆ ಬಂದು ಮಧ್ಯಾಹ್ನ ಮಲಗ್ತಾರೇನೋ?’ ಅಲ್ಲಿನ ಗೈಡ್ ಹುಡುಗನೂ ನಕ್ಕ. ಮಲಗಿದವರು ಏಳಲ್ಲ ಅಂದ. ಅಡುಗೆ ಭಟ್ಟರು ಮಾತ್ರ ನಗಲಿಲ್ಲ. ಮೂರು ಗಂಟೆಗೆ ಎದ್ದು ಒಲೆ ಹಚ್ಚಬೇಕಾದವರು ಅವರು. ಈಗ ಹದಿನಾಲ್ಕು ಗ್ರೂಪ್ ಆಗಿದೆ. ನಕ್ಕವರಲ್ಲಿ ಒಬ್ಬ ಗೈಡ್ ಈಗ ತನ್ನ ಗುಜರಾತಿ ಪಾರ್ಟಿಗೂ ಇದನ್ನೇ ಮಾಡುತ್ತಾನಂತೆ. ಅವನು ನನ್ನ ಹೆಸರು ಹೇಳುವುದಿಲ್ಲ, ಅದು ಬೇರೆ.

ಮೊದಲು ಗಡಿಯಾರದ ವಿಷಯ. ನೇಪಾಳ ನಮಗಿಂತ 15 ನಿಮಿಷ ಮುಂದೆ. ಚಿಕ್ಕ ವ್ಯತ್ಯಾಸ ಅಂತ ಸುಮ್ನೆ ಬಿಟ್ಟಿದ್ದೆ. ಒಮ್ಮೆ ಸಾರಂಗಕೋಟ್‌ಗೆ ‘ಐದು ಗಂಟೆಗೆ ಬಸ್ ಬಿಡುತ್ತೆ’ ಅಂದಿದ್ದೆ. ಹೊಸ ಸಿಮ್ ಹಾಕಿಕೊಂಡವರ ಫೋನಿನಲ್ಲಿ ಐದು, ಕೈಗಡಿಯಾರ ಕಟ್ಟಿದ ಹಿರಿಯರಿಗೆ ಇನ್ನೂ ನಾಲ್ಕೂಮುಕ್ಕಾಲು. ಮೊದಲು ಬಂದವರು ಚಳಿಯಲ್ಲಿ ನಿಂತು ಬೈದರು, ಆಮೇಲೆ ಬಂದವರು ‘ನಾವು ಸರಿಯಾಗೇ ಬಂದಿದ್ದೀವಲ್ಲ’ ಅಂತ ಬೈದರು. ಮೇಲೆ ಹೋಗುವಷ್ಟರಲ್ಲಿ ಬೆಟ್ಟ ಬೆಳ್ಳಗಾಗಿ ಹೋಗಿತ್ತು. ಈಗ ಸೋನೌಲಿ ಗೇಟು ದಾಟಿದ ಕೂಡಲೇ ಬಸ್ ನಿಲ್ಲಿಸಿ ಪ್ರತಿಯೊಬ್ಬರ ಕೈಗಡಿಯಾರ ನಾನೇ ತಿರುಗಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಸಾರಂಗಕೋಟ್ ಹೋಗಬೇಕೋ ಬೇಡವೋ ಅನ್ನುವುದು ದೊಡ್ಡ ತಲೆನೋವು. ಮೋಡ ಇದ್ದರೆ ಇಪ್ಪತ್ತಾರು ಜನರನ್ನು 1,600 ಮೀಟರ್ ಎತ್ತರದ ಜಾಗಕ್ಕೆ ಹತ್ತಿಸಿ ಬಿಳಿ ಗೋಡೆ ತೋರಿಸಿದ ಹಾಗೆ. 2019ರಲ್ಲಿ ಸತತ ಮೂರು ಗ್ರೂಪ್‌ಗೆ ಹಾಗಾಯಿತು. ಈಗ ನಾನು ಮೂರೂವರೆಗೆ ಹೋಟೆಲ್ ಟೆರೇಸ್‌ಗೆ ಹೋಗಿ ಉತ್ತರಕ್ಕೆ ನಕ್ಷತ್ರ ಕಾಣುತ್ತಾ ನೋಡುತ್ತೇನೆ. ಜೊತೆಗೆ ಮೇಲೆ ಟೀ ಅಂಗಡಿ ಇಟ್ಟಿರುವ ಒಬ್ಬ ದೀದಿಗೆ ಫೋನ್ ಮಾಡುತ್ತೇನೆ. ಅವರು ಕಿಟಕಿ ತೆಗೆದು ‘ಖುಲ್ಲಾ ಛ’ (ಮೋಡ ಇಲ್ಲ) ಅಂದರೆ ಎಲ್ಲರನ್ನೂ ಎಬ್ಬಿಸುವುದು, ಇಲ್ಲದಿದ್ದರೆ ಆರೂವರೆವರೆಗೆ ಮಲಗಲು ಬಿಡುವುದು. ಆ ದೀದಿ ಯಾರು ಅಂತ ಕೇಳಬೇಡಿ. ಐದು ವರ್ಷ ಅವರ ಹತ್ತಿರ ಟೀ ಕುಡಿದು ಗಳಿಸಿದ ನಂಬರ್ ಅದು. ವ್ಯೂ ಟವರ್ ಹತ್ತಿರ ನೂಕುನುಗ್ಗಲಿಗೆ ನಾನು ಹೋಗುವುದೇ ಇಲ್ಲ. ಅದಕ್ಕಿಂತ ಸ್ವಲ್ಪ ಕೆಳಗೆ, ಮೆಟ್ಟಿಲೇ ಇಲ್ಲದ ಒಂದು ಜಾಗ ಇದೆ, ಮಂಡಿನೋವಿನವರು ಗಾಡಿಯಿಂದ ಇಳಿದು ಅಲ್ಲೇ ಕುರ್ಚಿ ಹಾಕಿಕೊಂಡು ಕೂರಬಹುದು. ಅದನ್ನೂ ಹೇಳಲ್ಲ, ಮುಂದಿನ ವಾರವೇ ಅಲ್ಲಿ ನಾಲ್ಕು ಗಾಡಿ ನಿಂತಿರುತ್ತವೆ.

ಬೆಳಕು ಬರುವುದನ್ನು ಎಷ್ಟು ಸಲ ನೋಡಿದ್ದರೂ ನಾನು ಫೋನ್ ಜೇಬಿಗೆ ಹಾಕಿಕೊಳ್ಳುತ್ತೇನೆ. ಎಡಕ್ಕೆ ದೂರದಲ್ಲಿ ಧವಳಗಿರಿ, ನಡುವೆ ಅನ್ನಪೂರ್ಣ ಸೌತ್, ಎದುರಿಗೆ ಮಚ್ಛಪುಚ್ಛ್ರೆ. 6,993 ಮೀಟರ್ ಇರುವ ಆ ಶಿಖರವನ್ನು ಹತ್ತಲು ಯಾರಿಗೂ ಪರ್ಮಿಟ್ ಕೊಡುವುದಿಲ್ಲ, ಶಿವನ ಜಾಗ ಅಂತ. ಇದನ್ನು ಹೇಳಿದರೆ ನಮ್ಮವರು ತಕ್ಷಣ ಕೈ ಮುಗಿಯುತ್ತಾರೆ. ಕಳೆದ ನವೆಂಬರ್‌ನಲ್ಲಿ ಶಿವಮೊಗ್ಗ ಕಡೆಯ ಒಬ್ಬ ಅಜ್ಜಿ ಇದ್ದರು, ಎಂಬತ್ತರ ಹತ್ತಿರ ವಯಸ್ಸು. ಎಲ್ಲರೂ ಫೋಟೋ ಹೊಡೆಯುತ್ತಿದ್ದರೆ ಅವರು ನನ್ನ ತೋಳು ಹಿಡಿದು ‘ಮುಕ್ತಿನಾಥ ಯಾವ ಕಡೆ ಬರುತ್ತಪ್ಪಾ?’ ಅಂದರು. ಆ ಬೆಟ್ಟಗಳ ಹಿಂದೆ ಅಂತ ತೋರಿಸಿದೆ. ಶಾಲು ತೆಗೆದು ಪಕ್ಕದವರ ಕೈಗೆ ಕೊಟ್ಟು, ಆ ಚಳಿಯಲ್ಲಿ ಆ ದಿಕ್ಕಿಗೆ ನೆಲ ಮುಟ್ಟಿ ನಮಸ್ಕಾರ ಮಾಡಿದರು. ಸೂರ್ಯ ಹುಟ್ಟಿದ್ದನ್ನು ಅವರು ನೋಡಲೇ ಇಲ್ಲ.

ತಿಂಡಿಗೆ ಹೋಟೆಲ್‌ಗೆ ಇಳಿಯುವುದನ್ನು ನಿಲ್ಲಿಸಿದ್ದೇ ನನ್ನ ಮೊದಲ ಬದಲಾವಣೆ. ಇಳಿದರೆ ಸ್ನಾನ, ಇನ್ನೊಂದು ಕಾಫಿ, ಫೋನ್ ಚಾರ್ಜಿಂಗ್ ಅಂತ ಹತ್ತೂವರೆ. ಹಾಗಾಗಿ ತಿಂಡಿಯನ್ನೇ ಮೇಲೆ ಒಯ್ಯಲು ಶುರು ಮಾಡಿದೆವು. ಉಪ್ಪಿಟ್ಟು ಒಯ್ದ ದಿನ ಅದು ಇಟ್ಟಿಗೆಯಾಗಿತ್ತು, ಚಮಚ ಇಳಿಯಲಿಲ್ಲ. ಇಡ್ಲಿ ಮಾಡಲು ಹೋದರೆ ನವೆಂಬರ್ ಚಳಿಗೆ ಹಿಟ್ಟು ಹುದುಗು ಬರಲಿಲ್ಲ. ಭಟ್ಟರು ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿ ಮಲಗಿಸಿದ್ದರು, ಆದರೂ ಇಲ್ಲ. ಕೊನೆಗೆ ಖಾರ ಪೊಂಗಲ್ ಗೆದ್ದಿತು. ಮನೆಯಲ್ಲಿ ಹಾಕುವುದಕ್ಕಿಂತ ಒಂದೂವರೆ ಪಟ್ಟು ನೀರು, ಮೆಣಸು ಜಾಸ್ತಿ, ಮೇಲೆ ತುಪ್ಪ ಒಂದು ಕೈ ಜಾಸ್ತಿ, ಹಾಟ್‌ಬಾಕ್ಸ್‌ನಲ್ಲಿ ಮೂರು ಗಂಟೆ ಹೋದರೂ ಬಾಯಿ ಸುಡುತ್ತದೆ.

ಅಲ್ಲಿಂದ ಇಳಿಯುವ ದಾರಿಯಲ್ಲೇ ವಿಂಧ್ಯವಾಸಿನಿ ಗುಡಿ, ಎಂಟರೊಳಗೆ ದರ್ಶನ. ಆಮೇಲೆ ಕೆ.ಐ. ಸಿಂಗ್ ಸೇತುವೆ ಮೇಲೆ ಹತ್ತು ನಿಮಿಷ ನಿಲ್ಲಿಸುತ್ತೇನೆ, ಕೆಳಗೆ ಸೇತಿ ನದಿ. ಸುಣ್ಣದ ನೀರಿನ ಹಾಗೆ ಬೆಳ್ಳಗೆ, ಇಕ್ಕಟ್ಟಿನ ಆಳದಲ್ಲಿ ಸದ್ದು ಮಾಡುತ್ತಾ ಹೋಗುತ್ತದೆ. ಬೇರೆಯವರು ಇದನ್ನು ಬಸ್ಸಿನಿಂದಲೇ ಕೈ ತೋರಿಸಿ ಮುಗಿಸುತ್ತಾರೆ. ನಮ್ಮವರಿಗೆ ಇಡೀ ದಿನದಲ್ಲಿ ತುಂಬಾ ಇಷ್ಟವಾಗುವ ಜಾಗಗಳಲ್ಲಿ ಇದೂ ಒಂದು. ಆಮೇಲೆ ಬಟುಲೆಚೌರ್‌ನ ಮಹೇಂದ್ರ ಗುಹೆ. ಪಕ್ಕದ ಚಮೇರೆ ಗುಫಾಕ್ಕೆ, ಅಂದರೆ ಬಾವಲಿ ಗುಹೆಗೆ ಈಗ ಒಯ್ಯುವುದಿಲ್ಲ. ಹೊರಗೆ ಬರುವ ಬಿಲ ತುಂಬಾ ಇಕ್ಕಟ್ಟು. ಪಾಪ ಮಾಡದವರು ಮಾತ್ರ ದಾಟುತ್ತಾರೆ ಅಂತ ಗೈಡ್ ಒಮ್ಮೆ ತಮಾಷೆಗೆ ಹೇಳಿದ್ದ. ಅದನ್ನು ಕೇಳಿದ ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಹಠ ಹಿಡಿದು ನುಗ್ಗಿ ಸೊಂಟದ ಹತ್ತಿರ ಸಿಕ್ಕಿಕೊಂಡರು. ಮೇಲಿಂದ ಇಬ್ಬರು ಎಳೆದು, ಕೆಳಗಿಂದ ನಾನು ನೂಕಿ, ಸ್ವೆಟರ್ ಹರಿದು ಹೊರಗೆ ಬಂದರು. ಪಾಪದ ವಿಷಯ ಪ್ರವಾಸ ಮುಗಿಯುವವರೆಗೆ ಅವರ ಮನೆಯವರು ಬಿಡಲಿಲ್ಲ.

ಹನ್ನೊಂದಕ್ಕೆ ಹೋಟೆಲ್. ಹನ್ನೊಂದೂವರೆಗೆ ಸಾರು, ಪಲ್ಯ, ಮೊಸರನ್ನ. ಮೊಸರು ಎಮ್ಮೆ ಹಾಲಿನದು, ಗಟ್ಟಿ. ಹನ್ನೆರಡೂಕಾಲರಿಂದ ಎರಡೂಕಾಲವರೆಗೆ ನಿದ್ದೆ.

ಮೊದಲ ಸಲ ಇದು ಪೂರ್ತಿ ಕೆಟ್ಟಿತು. ಎರಡು ಗಂಟೆಗೆ ಬಾಗಿಲು ಬಡಿದೆ. ‘ಐದು ನಿಮಿಷ’ ಅಂದವರು ನಾಲ್ಕಕ್ಕೆ ಇಳಿದರು, ಕೆರೆ ಒಂದೇ ಆಯಿತು, ಬೆಂಗಳೂರಿನ ಒಬ್ಬರು ಉಳಿದ ಜಾಗಗಳ ದುಡ್ಡು ವಾಪಸ್ ಕೇಳಿದರು. ಎರಡು ಸಾವಿರದಷ್ಟು ನನ್ನ ಜೇಬಿನಿಂದ ಹೋಯಿತು. ಯಜಮಾನರು ಫೋನಿನಲ್ಲಿ ಏನೂ ಬೈಯಲಿಲ್ಲ, ‘ಮಲಗಿದ್ರಾ?’ ಅಂತ ಮಾತ್ರ ಕೇಳಿದರು. ಆಮೇಲೆ ಭಟ್ಟರೇ ದಾರಿ ಹೇಳಿದರು. ‘ಬಾಗಿಲು ಬಡಿಯಬೇಡಿ, ಎರಡೂಕಾಲಕ್ಕೆ ನಾನು ಮೆಟ್ಟಿಲ ಬುಡದಲ್ಲಿ ಡಿಕಾಕ್ಷನ್ ಇಳಿಸುತ್ತೇನೆ, ಕೆಳಗೆ ಬಂದವರಿಗೆ ಮಾತ್ರ ಕಾಫಿ, ರೂಮಿಗೆ ಒಂದು ಲೋಟವೂ ಹೋಗಬಾರದು.’ ಮುಂದಿನ ಸಲ ಎರಡೂವರೆಗೆ ಇಪ್ಪತ್ತಾರರಲ್ಲಿ ಇಪ್ಪತ್ತನಾಲ್ಕು ಜನ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಉಳಿದ ಇಬ್ಬರು ಕಾಫಿ ಕುಡಿಯದವರು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಐನೂರು ಆ ಕಡೆ ಈ ಕಡೆ ಇರಬಹುದು. ಹಳೇ ಪದ್ಧತಿಯಲ್ಲಿ ಗೋರಖ್‌ಪುರದಿಂದ ತಂದ ಬಸ್ಸೇ ಊರೆಲ್ಲ ಸುತ್ತುತ್ತಿತ್ತು, ಆದರೆ ಬೆಟ್ಟದ ತಿರುವಿಗೆ ಡ್ರೈವರ್ ಒಪ್ಪುತ್ತಿರಲಿಲ್ಲ. ಸಾರಂಗಕೋಟ್‌ಗೆ ಐದು ಜೀಪು, ಹನ್ನೆರಡೂವರೆ ಸಾವಿರ ಎನ್‌ಸಿ, ಅಂದರೆ ನೇಪಾಳಿ ರೂಪಾಯಿ. ಮಧ್ಯಾಹ್ನ ಹೊರಗಡೆ ಥಾಲಿ, ಹತ್ತಿರ ಹತ್ತಿರ ಹನ್ನೆರಡು ಸಾವಿರ. ಈಗ ಹದಿನಾಲ್ಕು ಸೀಟಿನ ಎರಡು ಹಾಯಿಸ್ ವ್ಯಾನ್, ಒಂದಕ್ಕೆ ಏಳು ಸಾವಿರ. ಮಧ್ಯಾಹ್ನ ಮೂರು ಗಂಟೆ ಹೊತ್ತು ಮನೆಗೆ ಹೋಗಿ ಬನ್ನಿ ದಾಯಿ (ಅಣ್ಣ) ಅಂತ ಡ್ರೈವರ್‌ಗೆ ಅಂದಿದ್ದಕ್ಕೇ ಎಂಟಿದ್ದದ್ದು ಏಳಾಯಿತು. ಊಟಕ್ಕೆ ನಮ್ಮ ಸಾಮಾನು ಮೂರು ಸಾವಿರದಷ್ಟು. ಒಂದು ಗ್ರೂಪ್‌ಗೆ ಏಳೂವರೆ ಸಾವಿರ ಎನ್‌ಸಿ ಉಳಿಯಿತು, ಅಂದರೆ ನಮ್ಮ ನಾಲ್ಕು ಸಾವಿರದ ಚಿಲ್ಲರೆ. ಬಸ್ ಡ್ರೈವರ್‌ಗೂ ಒಂದು ದಿನ ಪೂರ್ತಿ ನಿದ್ದೆ. ದಶೈನ್ (ಅಲ್ಲಿನ ದಸರಾ) ವಾರದಲ್ಲಿ ಮಾತ್ರ ಈ ಲೆಕ್ಕ ನಡೆಯಲ್ಲ, ಡ್ರೈವರ್‌ಗಳೆಲ್ಲ ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ.

ಎನ್‌ಸಿ, ಐಸಿ (ಭಾರತದ ರೂಪಾಯಿ) ಗೊಂದಲ ನಿಮಗೂ ಗೊತ್ತು. ನಮ್ಮ ನೂರಕ್ಕೆ ಅವರ ನೂರ ಅರವತ್ತು. ಅಂಗಡಿಯವರು ‘ಐನೂರು’ ಅಂದರೆ ಯಾವುದರಲ್ಲಿ ಅಂತ ಕೇಳದೆ ನಮ್ಮ ನೂರರ ನೋಟು ಐದು ಕೊಟ್ಟು ಶಾಲು ತಂದವರು ಪ್ರತಿ ಗ್ರೂಪ್‌ನಲ್ಲೂ ಇಬ್ಬರು ಇರುತ್ತಾರೆ. ಈಗ ಬಸ್ಸಿನಲ್ಲಿ ‘ಐಸಿನಾ, ಎನ್‌ಸಿನಾ?’ ಅಂತ ಎಲ್ಲರಿಂದ ಜೋರಾಗಿ ಹೇಳಿಸುತ್ತೇನೆ, ಶಾಲೆ ಮಕ್ಕಳ ಹಾಗೆ.

ಮಧ್ಯಾಹ್ನದ ಸುತ್ತು ಚಿಕ್ಕದು. ಮೂರಕ್ಕೆ ಗುಪ್ತೇಶ್ವರ ಗುಹೆ. ಒಳಗೆ ಶಿವಲಿಂಗದವರೆಗೆ ಎಲ್ಲರೂ, ಕೆಳಗಿನ ಒದ್ದೆ ಮೆಟ್ಟಿಲಿಗೆ ಮಂಡಿ ಗಟ್ಟಿ ಇರುವವರು ಮಾತ್ರ. ಮಳೆಗಾಲದಲ್ಲಿ ಆ ಭಾಗ ಮುಚ್ಚಿರುತ್ತದೆ. ರಸ್ತೆ ದಾಟಿದರೆ ಡೇವಿಸ್ ಫಾಲ್ಸ್. 1961ರಲ್ಲಿ ಸ್ವಿಸ್ ಪ್ರವಾಸಿಯೊಬ್ಬರು ಕೊಚ್ಚಿಹೋದ ಮೇಲೆ ಆ ಹೆಸರು ಬಂತು, ಊರಿನವರು ಪಾತಾಲೆ ಛಾಂಗೋ ಅನ್ನುತ್ತಾರೆ. ಫೇವಾ ಕೆರೆಯಿಂದ ಬಂದ ನೀರು ನೆಲದೊಳಗೆ ಇಳಿದುಹೋಗುತ್ತದೆ. ಅದೇ ನೀರನ್ನು ಗುಹೆಯ ಬಿರುಕಿನಿಂದ ನೋಡಿ ಬಂದವರಿಗೆ ಮೇಲೆ ನಿಂತಾಗ ರೋಮಾಂಚನ ಆಗುತ್ತದೆ, ಹಾಗಾಗಿ ಗುಹೆ ಮೊದಲು, ಫಾಲ್ಸ್ ಆಮೇಲೆ. ಎಲ್ಲರೂ ಉಲ್ಟಾ ಮಾಡುತ್ತಾರೆ. ಮಾರ್ಚ್–ಏಪ್ರಿಲ್‌ನಲ್ಲಿ ಫಾಲ್ಸ್ ಬೇಡವೇ ಬೇಡ. ಒಮ್ಮೆ ಇಪ್ಪತ್ತೆಂಟು ಟಿಕೆಟ್ ತೆಗೆದು ಕಬ್ಬಿಣದ ಕಂಬಿ ಮತ್ತು ಒಂದು ಎಳೆ ನೀರು ನೋಡಿ ಬಂದಿದ್ದೇವೆ.

ನಾಲ್ಕೂಕಾಲಕ್ಕೆ ಫೇವಾ ಕೆರೆ. ಬಾರಾಹಿ ಘಾಟ್‌ನಲ್ಲಿ ಲೈಫ್ ಜಾಕೆಟ್ ಹಾಕಿಸಿ ದೋಣಿಯಲ್ಲಿ ತಾಲ್ ಬಾರಾಹಿ ಗುಡಿಗೆ. ಶನಿವಾರ ಮಾತ್ರ ಪೋಖರಾ ದಿನ ಇಟ್ಟುಕೊಳ್ಳಬೇಡಿ. ಅಲ್ಲಿ ವಾರದ ರಜೆ ಶನಿವಾರ, ಜನ ಕಿಕ್ಕಿರಿದಿರುತ್ತಾರೆ, ಅದೂ ಅಲ್ಲದೆ ಅವತ್ತು ದೇವಿಗೆ ಬಲಿ ಕೊಡುತ್ತಾರೆ. ಗೊತ್ತಿಲ್ಲದೆ ಒಂದು ಮಾಧ್ವ ಗ್ರೂಪನ್ನು ಶನಿವಾರ ದೋಣಿ ಹತ್ತಿಸಿದ್ದೆ. ಪಕ್ಕದ ದೋಣಿಯಲ್ಲಿ ಒಂದು ಕುಟುಂಬ, ಮಗುವಿನ ತೊಡೆ ಮೇಲೆ ಹುಂಜ. ‘ಎಷ್ಟು ಚೆನ್ನಾಗಿದೆ, ಸಾಕಿದ್ದಾರೆ ಅನ್ಸುತ್ತೆ’ ಅಂದರು ನಮ್ಮ ಮಾಮಿ ಒಬ್ಬರು. ವಾಪಸ್ ಬರುವಾಗ ಅದೇ ಕುಟುಂಬ, ಹುಂಜ ಚೀಲದಲ್ಲಿ. ಮಾಮಿ ರಾತ್ರಿ ಊಟ ಮಾಡಲಿಲ್ಲ. ಅವರ ಪದ್ಧತಿ ಅವರದು, ತಪ್ಪು ವಾರ ಆರಿಸಿದ್ದು ನಾನು.

ಒಂದು ಬೇರೆ ಪ್ರಯೋಗ ಹೇಳಿಬಿಡುತ್ತೇನೆ. ಮಂಡ್ಯದ ಗ್ರೂಪ್ ಒಂದು ಆರನೇ ದಿನಕ್ಕೆ ‘ಮುದ್ದೆ ಇಲ್ದೆ ಆಗಲ್ಲ’ ಅಂತ ಶುರು ಮಾಡಿತು. ನೇಪಾಳದಲ್ಲಿ ಕೋದೋ ಅಂದರೆ ನಮ್ಮ ರಾಗಿಯೇ, ಅದರಲ್ಲಿ ಢಿಂಡೋ ಮಾಡುತ್ತಾರೆ. ಲೇಕ್‌ಸೈಡ್‌ನ ಥಕಾಲಿ ಊಟದ ಮನೆಯೊಂದಕ್ಕೆ ಹನ್ನೊಂದು ಜನರನ್ನು ಕರೆದೊಯ್ದೆ. ತಟ್ಟೆಗೆ ಬಂದದ್ದು ಮುದ್ದೆಗಿಂತ ಮೆತ್ತಗೆ, ಉಂಡೆ ಕಟ್ಟಿರಲಿಲ್ಲ. ಒಬ್ಬ ಗೌಡರು ಎದ್ದು ಒಳಗೆ ಹೋಗಿ, ಭಾಷೆ ಬರದೆ ಕೈಸನ್ನೆಯಲ್ಲೇ ಕೋಲು ಇಸಕೊಂಡು, ಇನ್ನೊಂದು ಹಿಡಿ ಹಿಟ್ಟು ಹಾಕಿ ತಿರುವಿ ಉಂಡೆ ಕಟ್ಟಿ ತಂದರು. ಅಡುಗೆಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ದುಡ್ಡು ಜಾಸ್ತಿ ಆಯಿತು, ಪ್ಯಾಕೇಜ್‌ಗೆ ಸೇರಿಸಲು ಆಗಲ್ಲ, ಆದರೆ ಆ ಹನ್ನೊಂದು ಜನರಲ್ಲಿ ಏಳು ಜನ ಮುಂದಿನ ವರ್ಷ ಕಾಶಿಗೂ ನನ್ನ ಜೊತೆಯೇ ಬಂದರು.

ಶಾಂತಿ ಸ್ತೂಪ, ಪುಮ್ದಿಕೋಟ್‌ನ ದೊಡ್ಡ ಶಿವ, ಮೌಂಟೇನ್ ಮ್ಯೂಸಿಯಂ ಬಿಟ್ಟಿದ್ದೇನೆ. ಸ್ತೂಪದ ಮೆಟ್ಟಿಲು ಹತ್ತಲು ಆಗುವವರಿಗೆ ಮೂರಕ್ಕೆ ಬೇರೆ ಟ್ಯಾಕ್ಸಿ, ಅವರದೇ ಖರ್ಚು. ಸಾಮಾನ್ಯವಾಗಿ ಇಬ್ಬರು ಮೂವರು ಹೋಗುತ್ತಾರೆ. ಏಳಕ್ಕೆ ಊಟ, ಎಂಟೂವರೆಗೆ ಲೈಟ್ ಆಫ್. ಈ ಎರಡು ಸೀಸನ್‌ನಲ್ಲಿ ಮುಕ್ತಿನಾಥದಲ್ಲಿ ನಾನು ಆಕ್ಸಿಜನ್ ಕ್ಯಾನ್ ತೆರೆದದ್ದು ಎರಡೇ ಸಲ, ಮೊದಲೆಲ್ಲ ಒಂದೊಂದು ಟ್ರಿಪ್‌ಗೇ ಅಷ್ಟು ಬೇಕಾಗುತ್ತಿತ್ತು.

ಯಜಮಾನರು ಈ ವರ್ಷದ ಬ್ರೋಷರ್ ಕಳಿಸಿದ್ದಾರೆ. ಪೋಖರಾದಲ್ಲಿ ಈಗಲೂ ಒಂಬತ್ತು ಜಾಗ ಬರೆದಿದ್ದಾರೆ. ಸಾರಂಗಕೋಟ್‌ಗೆ ಹೋಗುವುದು ಒಂದು, ಅಲ್ಲಿ ಸೂರ್ಯೋದಯ ನೋಡುವುದು ಇನ್ನೊಂದು. ಒಂಬತ್ತನೆಯದು ‘ಮಧ್ಯಾಹ್ನದ ವಿಶ್ರಾಂತಿ’.