ಚೊಗರಿನ ಬಣ್ಣ ಮತ್ತು ನನ್ನ ಕಪ್ಪು-ಬಿಳುಪಿನ ಹುಚ್ಚು

ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಕೊಯ್ಲು. ರಾತ್ರಿ ಒಂಬತ್ತಾದರೂ ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ತಲೆ ಮೇಲೆ ಹಳದಿ ಬಲ್ಬು, ಒಂದು ಮಗ್ಗುಲಿಗೆ ನೀಲಿ ತಾಡಪಾಲು, ಅದರಾಚೆ ಟ್ಯೂಬ್‌ಲೈಟು. ಎಲ್ಲರ ಮುಖವೂ ಅರ್ಧ ಅರಿಶಿನ, ಅರ್ಧ ನೀಲಿ. ಕ್ಯಾಮೆರಾದಲ್ಲಿ ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎತ್ತ ತಿರುಗಿಸಿದರೂ ಒಂದು ಕೆನ್ನೆ ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಬೇಜಾರಾಗಿ ಕಪ್ಪು-ಬಿಳುಪಿನ ಮೊನೊಕ್ರೋಮ್‌ಗೆ ಹಾಕಿದೆ. ತಕ್ಷಣ ಕತ್ತಿಯ ಅಂಚು, ಬಾಗಿದ ಬೆನ್ನು, ಸಿಪ್ಪೆಯ ರಾಶಿ ಎಲ್ಲ ಎದ್ದು ಬಂತು. ನಾನೊಬ್ಬ ದೊಡ್ಡ ಕಲಾವಿದ ಅನ್ನಿಸಿಬಿಟ್ಟಿತು.

ಅದೇ ಅಮಲಿನಲ್ಲಿ ಮಾರನೇ ದಿನ ಅಡಿಕೆ ಬೇಯಿಸುವ ಹಂಡೆ, ಚಪ್ಪರದ ಮೇಲೆ ಹರವಿದ ಬೆಂದ ಅಡಿಕೆ, ಎಲ್ಲವನ್ನೂ ಕಪ್ಪು-ಬಿಳುಪಿನಲ್ಲೇ ಹೊಡೆದೆ. ಸಂಜೆ ದೊಡ್ಡಮ್ಮನಿಗೆ ತೋರಿಸಿದರೆ ಕನ್ನಡಕ ಏರಿಸಿ ನೋಡಿದಳು. ‘ಎಂತದೋ ಇದು, ಚೊಗರು ಹತ್ತಿದೆಯೋ ಇಲ್ಲವೋ ಹೆಂಗೆ ಗೊತ್ತಾಗ್ತದೆ ಮಾರಾಯಾ?’

ಚೊಗರು ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಬೆಂದ ಅಡಿಕೆಗೆ ಬಣ್ಣ ಕೊಡುವುದು ಅದೇ. ಮಾತು ಸರಿ. ಕೆಂಪಡಿಕೆಗೆ ಬೆಲೆ ಬರುವುದೇ ಬಣ್ಣ, ಹೊಳಪು ನೋಡಿ. ನನ್ನ ಫೋಟೋದಲ್ಲಿ ಅದು ಗೋಲಿಯೂ ಆಗಬಹುದಿತ್ತು, ಬೆಣಚುಕಲ್ಲೂ ಆಗಬಹುದಿತ್ತು. ಬಣ್ಣ ವಾಪಸ್ ತರೋಣವೆಂದರೆ, ಮೆಮೊರಿ ಕಾರ್ಡಿನಲ್ಲಿ ಜಾಗ ಉಳಿಸಲು ಕ್ಯಾಮೆರಾ ಕುಗ್ಗಿಸಿ ಕೊಡುವ ಜೆಪೆಗ್ ಫೈಲು ಮಾತ್ರ ಇಟ್ಟಿದ್ದೆ. ಮೊನೊಕ್ರೋಮ್ ಜೆಪೆಗ್‌ನಲ್ಲಿ ಬಣ್ಣ ಹೋಯಿತೆಂದರೆ ಹೋಯಿತು. ಮುಂದಿನ ಕೊಯ್ಲಿಗೆ ಒಂದು ವರ್ಷ ಕಾಯಬೇಕಾಯಿತು.

ಆಮೇಲಿಂದ ರಾ ಫೈಲನ್ನೇ, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಬಣ್ಣಸಮೇತ ಹಿಡಿದಿಡುವ ಫೈಲನ್ನೇ ಉಳಿಸಿಕೊಳ್ಳುತ್ತೇನೆ. ಪರದೆಯನ್ನು ಮಾತ್ರ ಮೊನೊಕ್ರೋಮ್ ಇಟ್ಟುಕೊಂಡರೆ ಕಣ್ಣಿಗೆ ಬೆಳಕು-ನೆರಳು ಕಾಣುತ್ತದೆ, ಫೈಲಿನಲ್ಲಿ ಬಣ್ಣ ಭದ್ರವಾಗಿರುತ್ತದೆ. ಶಟರ್ ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬಣ್ಣ ತೆಗೆದರೆ ಇಲ್ಲಿ ಸುದ್ದಿ ಏನಾದರೂ ಕಳೆದುಹೋಗುತ್ತದಾ?

ನಮ್ಮ ಕಡೆ ಮೋಸ ಮಾಡುವುದು ಹಸಿರು. ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ನಿಂತರೆ ಕಣ್ಣಿಗೆ ನೂರು ಹಸಿರು, ಫೋಟೋದಲ್ಲಿ ಒಂದೇ ಹಸಿರು. ಅದನ್ನು ಕಪ್ಪು-ಬಿಳುಪು ಮಾಡಿದರೆ ಮಂಜು ಇದ್ದಾಗ ಮಾತ್ರ ಗೆಲ್ಲುತ್ತದೆ. ಹತ್ತಿರದ ಮರ ಕಪ್ಪು, ಹಿಂದಿನದು ಬೂದು, ಅದರ ಹಿಂದಿನದು ಬರೀ ಗೆರೆ. ಮಂಜು ಸರಿದರೆ ಎಲ್ಲ ಒಂದೇ ಬೂದಿ. ಗೋಟು ಅಂದರೆ ಹಣ್ಣಾದ ಅಡಿಕೆ, ಅದರ ಗೊನೆಯದೂ ಇದೇ ಗೋಳು. ಕಿತ್ತಳೆ ಗೊನೆ, ಹಸಿರು ಸೋಗೆ, ಕಣ್ಣಿಗೆ ಅಜಗಜಾಂತರ. ಆದರೆ ಎರಡರ ಹೊಳಪೂ ಹತ್ತಿರ ಹತ್ತಿರ ಇದ್ದರೆ ಬೂದು ಬಣ್ಣದಲ್ಲಿ ಒಂದರೊಳಗೊಂದು ಕರಗುತ್ತವೆ. ರಾ ಫೈಲಿದ್ದರೆ ಪರಿವರ್ತಿಸುವಾಗ ಕಿತ್ತಳೆಯನ್ನು ಏರಿಸಿ ಹಸಿರನ್ನು ಇಳಿಸಿ ಬಿಡಿಸಿಕೊಳ್ಳಬಹುದು. ಅತಿ ಮಾಡಿದರೆ ಸೋಗೆಯ ಅಂಚಿಗೆ ಬಿಳಿ ಗೆರೆ ಬಂದು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಈ ತಲೆನೋವಿಲ್ಲ. ಕಲ್ಲು, ಓರೆ ಬಿಸಿಲು, ಕೆತ್ತನೆ. ಅಲ್ಲಿ ಬಣ್ಣ ಅಂದರೆ ಯಾರದೋ ಚೂಡಿದಾರ ಅಡ್ಡ ಬಂದದ್ದು ಮಾತ್ರ. ಜೋಗ ಬೇರೆ ಥರ. ಮಳೆಗಾಲದ ಕೆಂಪು ನೀರು 253 ಮೀಟರ್ ಬೀಳುವುದನ್ನು ಕಪ್ಪು-ಬಿಳುಪಿನಲ್ಲಿ ಹಾಲಿನಂತೆ ಮಾಡುವವರಿದ್ದಾರೆ. ನನಗೆ ಆ ಕೆಂಪೇ ಬೇಕು, ಅದು ಆ ವಾರದ ಮಳೆಯ ಲೆಕ್ಕ.

ಮರುವರ್ಷ ಚಪ್ಪರ ಹತ್ತಿ ಬಣ್ಣದಲ್ಲೇ ತೆಗೆದೆ. ಬೆಳಗಿನ ಎಂಟರ ಬಿಸಿಲು, ಕೆಂಪಗೆ ಹೊಳೆಯುವ ಅಡಿಕೆ. ಸುಲಿಯುವ ದೊಡ್ಡಮ್ಮನ ಕೈಯದೂ ಒಂದು ತೆಗೆದೆ. ಕಲೆ ಹತ್ತಿ ಕಪ್ಪಾದ ಬೆರಳು, ಉಗುರಿನ ಸಂದಿಯ ಬಿರುಕು. ಅದನ್ನು ಮಾತ್ರ ಕಪ್ಪು-ಬಿಳುಪು ಮಾಡಿದೆ. ಎರಡನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ.

ಕೈಯ ಫೋಟೋವನ್ನು ಸುಮ್ಮನೆ ಪಕ್ಕಕ್ಕಿಟ್ಟಳು. ಅಡಿಕೆಯದನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ ಹೇಳಿದಳು: ‘ಈ ಹಂಡೆ ಸ್ವಲ್ಪ ಜಾಸ್ತಿ ಬೆಂದಿತ್ತು, ಅಲ್ವನೋ?’